ಕೂಸಿನ ತುತ್ತಿಗೆ ಹೊತ್ತು ಬೇಕು

ಕೆಲವು ದಿನಗಳ ಹಿಂದೆ ನಮ್ಮ ದಾವಣಗೆರೆಯ ಒಂದು ಬಡಾವಣೆಯಲ್ಲಿ ತಾಯಂದಿರಿಗೆ ತಿಳಿವಳಿಕೆ ಕೊಡುವ ಸಭೆಯೊಂದು ನಡೆಯಿತು. ಭಾಷಣಕಾರರು ಗೋಡೆಗೆ ಚಿತ್ರಪಟ ತೂಗುಹಾಕಿ, ಕೈಯಲ್ಲಿ ಕೋಲು ಹಿಡಿದು, ಆರು ತಿಂಗಳು ತುಂಬಿದ ಕೂಸಿಗೆ ಏನು ಉಣಿಸಬೇಕು, ಎಷ್ಟು ಸಲ ಉಣಿಸಬೇಕು ಎಂಬುದನ್ನು ಮುಕ್ಕಾಲು ಗಂಟೆ ವಿವರಿಸಿದರು. ಅವರು ಹೇಳಿದ್ದು ತಪ್ಪಲ್ಲ. ಆದರೆ ಕೊನೆಯಲ್ಲಿ, ನಮ್ಮ ಮಕ್ಕಳು ಬಡಕಲಾಗಿರುವುದಕ್ಕೆ ತಾಯಂದಿರ ಅಜ್ಞಾನವೇ ಮೂಲ ಎಂದು ತೀರ್ಪು ಕೊಟ್ಟು ಕುಳಿತರು. ಹಿಂದಿನ ಸಾಲಿನಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಮಂಡಕ್ಕಿ ಭಟ್ಟಿಯ ಹೆಣ್ಣುಮಗಳೊಬ್ಬಳು ಎದ್ದು ನಿಂತಳು. "ಸಾರ್, ರಾಗಿ ಮೊಳಕೆ ಕಟ್ಟೋದು ನಮ್ಮವ್ವ ನನಗೆ ಹೇಳಿಕೊಟ್ಟಾಳ್ರೀ. ಮೂರು ಹೊತ್ತು ಉಣಿಸಬೇಕು ಅಂತಲೂ ಗೊತ್ತೈತಿ. ಬೆಳಗ್ಗೆ ಆರಕ್ಕೆ ಭಟ್ಟಿಗೆ ಹೋದರೆ ಸಂಜಿಗೆ ಮನೀಗೆ ಬರ್ತೀನಿ. ಆ ಮೂರು ಹೊತ್ತು ಯಾವ್ಯಾವುದು ಅಂತ ನೀವೇ ಹೇಳ್ರಿ" ಎಂದಳು.

ಸಭೆಯಲ್ಲಿ ನಗೆ ಹಬ್ಬಿತು. ಉತ್ತರ ಮಾತ್ರ ಬರಲಿಲ್ಲ. ವಂದನಾರ್ಪಣೆ ಮಾಡಿ ಸಭೆ ಮುಗಿಸಿದರು.

ಆ ಪ್ರಶ್ನೆಯನ್ನು ನಾವು ಅಲ್ಲಿಗೇ ಬಿಡಲಾರೆವು. ತಾಯಂದಿರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬುದನ್ನು ಮೊದಲು ನೋಡೋಣ. ಆಮೇಲೆ ಅಜ್ಞಾನ ಯಾರದೆಂದು ತೀರ್ಮಾನಿಸಬಹುದು.

ಕೂಸು ಒರಗಿಸಿದರೆ ಕೂರುತ್ತದೆ, ಕತ್ತು ನಿಲ್ಲುತ್ತದೆ, ಉಣ್ಣುವವರ ಕೈಯನ್ನು ತಟ್ಟೆಯಿಂದ ಬಾಯಿಯವರೆಗೆ ಕಣ್ಣಲ್ಲೇ ಹಿಂಬಾಲಿಸುತ್ತದೆ, ಎಟುಕಿದ ತುತ್ತಿಗೆ ಕೈ ಚಾಚುತ್ತದೆ. ಬಾಯಿಗೆ ಇಟ್ಟದ್ದನ್ನು ನಾಲಿಗೆಯಿಂದ ಹೊರಗೆ ತಳ್ಳುವುದು ನಿಲ್ಲುತ್ತದೆ. ಇಷ್ಟು ಕಂಡಾಗ ತಾಯಿ "ಇನ್ನು ಇದಕ್ಕೆ ಹಾಲೊಂದೇ ಸಾಲದು" ಎನ್ನುತ್ತಾಳೆ. ಇದನ್ನು ಅವಳು ಯಾವ ಪಟದಲ್ಲಿಯೂ ನೋಡಿ ಕಲಿತದ್ದಲ್ಲ. ಇಂದಿನ ವೈದ್ಯರು ಹೇಳುವ ಗುರುತುಗಳೂ ಇವೇ. ಸುಮಾರು ಆರು ತಿಂಗಳಿಗೆ, ತಾಯಿಯ ಗರ್ಭದಲ್ಲಿದ್ದಾಗ ಕೂಸು ಕೂಡಿಟ್ಟುಕೊಂಡ ಕಬ್ಬಿಣದ ಅಂಶ ತೀರುತ್ತ ಬರುತ್ತದೆ. ಎದೆಹಾಲಿನಲ್ಲಿ ಅದು ಬಲು ಕಡಿಮೆ. ಆದುದರಿಂದ ಆರು ತಿಂಗಳವರೆಗೆ ಎದೆಹಾಲು ಮಾತ್ರ, ಅನಂತರ ಮೆತ್ತನೆಯ ಅನ್ನ, ಎರಡು ವರ್ಷದವರೆಗೂ ಅದಕ್ಕೂ ಮೀರಿಯೂ ಹಾಲು ಬಿಡಿಸದೆ ಅನ್ನ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರನೆಯ ತಿಂಗಳಲ್ಲಿ ಅನ್ನಪ್ರಾಶನ ಮಾಡಬೇಕೆಂದು ನಮ್ಮ ಹಳಬರು ಇಟ್ಟ ಕಟ್ಟಳೆಯೂ ಇದೇ ಲೆಕ್ಕದ್ದು. ಪಂಚಾಂಗಕ್ಕೂ ಜಿನೀವಕ್ಕೂ ಇಷ್ಟು ಒಮ್ಮತ ಬೇರೆಲ್ಲಿಯೂ ನಮಗೆ ಕಂಡಿಲ್ಲ!

ಇನ್ನು ರಾಗಿ. ನಮ್ಮ ಸೀಮೆಯ ತಾಯಿ ರಾಗಿಯನ್ನು ಜಾಲಿಸಿ, ಕಲ್ಲು ತೆಗೆದು, ಒಂದು ರಾತ್ರಿ ನೆನೆಯಿಟ್ಟು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಾಳೆ. ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ತಿಕ್ಕಿ ಮೊಳಕೆಯ ಬೇರು ಉದುರಿಸಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸುತ್ತಾಳೆ. ಆ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಗಂಟು ಕಟ್ಟದಂತೆ ಕೈ ಬಿಡದೆ ತಿರುವಿ ಬೇಯಿಸಿದರೆ ರಾಗಿ ಸರಿ. ಕರಾವಳಿಯವರು ರಾಗಿಯನ್ನು ನೆನೆಸಿ ಅರೆದು ಹಾಲು ಹಿಂಡಿ ಮಣ್ಣಿ ಮಾಡುತ್ತಾರೆ. ಬಡಗಣ ಜಿಲ್ಲೆಗಳಲ್ಲಿ ಅಕ್ಕಿ ಹೆಸರುಬೇಳೆಯನ್ನು ಹುರಿದು ಒಡೆದು ಗಂಜಿ ಕಾಯಿಸುವವರು ಹೆಚ್ಚು. ಮೊದಲ ದಿನ ಬೆರಳ ತುದಿಯಷ್ಟು ನೆಕ್ಕಿಸುವುದು, ಮರುದಿನ ಒಂದು ಚಮಚ. ಒಂದು ಹೊಸ ಪದಾರ್ಥ ಕೊಟ್ಟ ಮೇಲೆ ಮೂರ್ನಾಲ್ಕು ದಿನ ಬಟ್ಟೆ ನೋಡಿ, ಮೈ ನೋಡಿ, ಆಮೇಲೆ ಇನ್ನೊಂದು. ಬೆಳಗಿನದ್ದನ್ನು ಸಂಜೆಗೆ ಉಣಿಸದಿರುವುದು. ಜ್ವರ ಬಿಟ್ಟ ಮಗುವಿಗೆ ಒಂದು ಹೊತ್ತು ಹೆಚ್ಚಾಗಿ ಉಣಿಸಿ ಇಳಿದ ಮೈಯನ್ನು ಮತ್ತೆ ತರುವುದು. ಇವೆಲ್ಲ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದ ವಿದ್ಯೆ.

ರಾಗಿಗೆ ಮೊಳಕೆ ಕಟ್ಟುವ ಶ್ರಮವಾದರೂ ಏಕೆ? ಕೂಸಿನ ಹೊಟ್ಟೆ ಅದರ ಮುಷ್ಟಿಗಿಂತ ಬಹಳ ದೊಡ್ಡದಲ್ಲ. ಬರೀ ಹಿಟ್ಟಿನ ಗಂಜಿ ಬೆಂದರೆ ಅಂಟಾಗಿ ಗಟ್ಟಿಯಾಗುತ್ತದೆ; ಕೂಸು ನುಂಗಲಾರದು. ನೀರು ಬೆರೆಸಿ ತೆಳ್ಳಗೆ ಮಾಡಿದರೆ ಆ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿಹೋಗುತ್ತದೆ. ಕೂಸು ಹೊಟ್ಟೆ ತುಂಬಿಯೂ ಉಪವಾಸ! ಮೊಳಕೆ ಬಂದ ಕಾಳಿನಲ್ಲಿ ಪಿಷ್ಟವನ್ನು ಕತ್ತರಿಸುವ ಒಂದು ಕಿಣ್ವ ಹುಟ್ಟುತ್ತದೆ. ಅದರ ದೆಸೆಯಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳ್ಳಗೆ, ನುಂಗುವ ಹದದಲ್ಲಿ ನಿಲ್ಲುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ ಎಂಬ ವಿಜ್ಞಾನಿಗಳು 1982ರಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಕೂಸುಗಳ ಆಹಾರವನ್ನು ಸಿದ್ಧಮಾಡಿ ಪ್ರಕಟಿಸಿದ ಲೇಖನದ ಸಾರವೂ ಇದೇ ತತ್ವ. ವಿಜ್ಞಾನಿಗಳಿಗೆ ನಮ್ಮ ಗೌರವ ಸಲ್ಲಬೇಕು. ಅವರು ಅಳೆದು ತೋರಿಸಿದರು. ಅಳೆಯದೆ ಮಾಡುತ್ತ ಬಂದವರಿಗೆ ಅಜ್ಞಾನಿಗಳೆಂಬ ಬಿರುದು ಮಾತ್ರ ಸಲ್ಲದು. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ ಮುನ್ನೂರು ಮಿಲಿಗ್ರಾಂಗೂ ಮೇಲೆ ಇದೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಈ ಅಂಕಿ ನಮ್ಮ ಅಜ್ಜಿಯರಿಗೆ ಗೊತ್ತಿರಲಿಲ್ಲ. ಮೊಮ್ಮಕ್ಕಳ ಎಲುಬು ಗೊತ್ತಿತ್ತು.

ದೂರದ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಆಫ್ರಿಕದ ಗೋಲ್ಡ್ ಕೋಸ್ಟ್, ಅಂದರೆ ಈಗಿನ ಘಾನಾ ದೇಶದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಕೆಲಸ ಮಾಡುತ್ತಿದ್ದರು. ಅಲ್ಲಿ ಮೈ ಊದಿ, ಕೂದಲು ಕೆಂಚಾಗಿ, ಚರ್ಮ ಸುಲಿದು ಸಾಯುತ್ತಿದ್ದ ಮಕ್ಕಳ ರೋಗಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರೇ ಇರಲಿಲ್ಲ. ವಿಲಿಯಮ್ಸ್ ತಾಯಂದಿರನ್ನು ಕೇಳಿದರು. ಗಾ ಭಾಷೆಯ ಆ ತಾಯಂದಿರಲ್ಲಿ ಹೆಸರು ಇತ್ತು: ಕ್ವಾಶಿಯೋರ್ಕರ್. ಮುಂದಿನ ಕೂಸು ಹುಟ್ಟಿದಾಗ ಎದೆಹಾಲು ತಪ್ಪಿದ ಹಿಂದಿನ ಮಗುವಿಗೆ ತಗಲುವ ರೋಗ ಎಂದು ಅದರ ಅರ್ಥ. ರೋಗದ ಹೆಸರಿನಲ್ಲಿಯೇ ರೋಗದ ಕಾರಣವಿತ್ತು! ಹಾಲು ತಪ್ಪಿದ ಮೇಲೆ ಆ ಮಕ್ಕಳಿಗೆ ಸಿಗುತ್ತಿದ್ದುದು ಮೆಕ್ಕೆಜೋಳದ ಗಂಜಿ ಮಾತ್ರ. 1935ರಲ್ಲಿ ವಿಲಿಯಮ್ಸ್ ಆ ಹೆಸರನ್ನೇ ಲಂಡನ್ನಿನ ವೈದ್ಯಪತ್ರಿಕೆಯಲ್ಲಿ ಬರೆದರು. ದೊಡ್ಡ ದೊಡ್ಡ ಪಂಡಿತರು ಒಪ್ಪಲು ಹಿಂದೆಮುಂದೆ ನೋಡಿದರು. ಇಂದು ಜಗತ್ತಿನ ಎಲ್ಲ ವೈದ್ಯಗ್ರಂಥಗಳಲ್ಲಿ ಆ ತಾಯಂದಿರ ಮಾತೇ ನಿಂತಿದೆ.

ಹಾಗೆಂದು ಅಜ್ಜಿ ಹೇಳಿದ್ದೆಲ್ಲ ವೇದವೆಂದು ನಾವು ವಾದಿಸುವವರಲ್ಲ. ಹುಟ್ಟಿದ ಕೂಸಿಗೆ ಜೇನುತುಪ್ಪ ನೆಕ್ಕಿಸುವ ಪದ್ಧತಿ ಇದೆ. ವರ್ಷ ತುಂಬುವ ಮೊದಲು ಜೇನು ಕೂಡದು, ಅದರಲ್ಲಿರಬಹುದಾದ ಒಂದು ಸೂಕ್ಷ್ಮಜೀವಿ ಎಳೆಯ ಕರುಳಿನಲ್ಲಿ ವಿಷವಾಗುತ್ತದೆ. ಹಲ್ಲು ಬರಲಿ, ಆಮೇಲೆ ಅನ್ನ ಕೊಟ್ಟರಾಯಿತೆಂದು ಹತ್ತು ತಿಂಗಳವರೆಗೆ ತಡೆಯುವವರಿದ್ದಾರೆ. ಮುಹೂರ್ತ ಕೂಡಿಬರಲಿಲ್ಲವೆಂದು ಕಾಯುವವರೂ ಇದ್ದಾರೆ. ಬೇಳೆಯ ಕಟ್ಟು ಮಾತ್ರ ಕೊಟ್ಟು ಬೇಳೆಯನ್ನು ದೊಡ್ಡವರಿಗೆ ಉಳಿಸುವುದು, ಮೊಟ್ಟೆ ಮೀನು ತಿನ್ನುವ ಮನೆಗಳಲ್ಲಿಯೂ ಕೂಸಿಗೆ ಅದನ್ನು ವರ್ಷವಾಗುವವರೆಗೆ ಮುಟ್ಟಿಸದಿರುವುದು, ಹೆಣ್ಣುಕೂಸಿನ ತುಪ್ಪದ ಚಮಚ ಸ್ವಲ್ಪ ಸಣ್ಣದಾಗುವುದು, ಇವೂ ನಮ್ಮ ಮನೆಗಳಲ್ಲಿಯೇ ನಡೆಯುವ ಮಾತು. ಇವನ್ನು ತಿದ್ದಬೇಕು. ತಿದ್ದುವುದು ಕಷ್ಟವೂ ಅಲ್ಲ. ಮನೆಗೆ ಬರುವ ಆಶಾ ಕಾರ್ಯಕರ್ತೆ ಅಕ್ಕತಂಗಿಯಂತೆ ಕುಳಿತು ಹೇಳಿದರೆ ನಮ್ಮ ಹೆಣ್ಣುಮಕ್ಕಳು ಕೇಳುತ್ತಾರೆ.

ಆದರೆ ಭಟ್ಟಿಯ ಆ ತಂಗಿಯ ಪ್ರಶ್ನೆ ಹಾಗೆಯೇ ಉಳಿಯಿತಲ್ಲ!

ಲೆಕ್ಕ ಹಾಕಿ ನೋಡಿರಿ. ಆರರಿಂದ ಎಂಟು ತಿಂಗಳ ಕೂಸಿಗೆ ದಿನಕ್ಕೆ ಎರಡು ಮೂರು ಸಲ, ಒಂಬತ್ತು ತಿಂಗಳ ಮೇಲೆ ಮೂರು ನಾಲ್ಕು ಸಲ ಉಣಿಸಬೇಕು. ಕೂಸು ದೊಡ್ಡವರಂತೆ ಗಬಗಬನೆ ಉಣ್ಣುವುದಿಲ್ಲ. ಉಗುಳುತ್ತದೆ, ಆಡುತ್ತದೆ, ಮುಖ ತಿರುಗಿಸುತ್ತದೆ. ಚಂದಿರನನ್ನು ತೋರಿಸಬೇಕು, ಕಾಗೆಯನ್ನು ಕರೆಯಬೇಕು. ಒಂದು ಉಣಿಸಿಗೆ ಅರ್ಧ ಗಂಟೆ ಬೇಕೇ ಬೇಕು. ಒಲೆ ಹೊತ್ತಿಸಿ ಹೊಸದಾಗಿ ಬೇಯಿಸುವುದಕ್ಕೆ ಇನ್ನರ್ಧ ಗಂಟೆ. ಅಕ್ಕಿ ಗಿರಣಿಯಲ್ಲಿ, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ, ಭಟ್ಟಿಯಲ್ಲಿ ದುಡಿಯುವ ತಾಯಿ ಹೋಗಿಬರುವ ದಾರಿಯೂ ಸೇರಿ ಹತ್ತು ಗಂಟೆ ಮನೆಯ ಹೊರಗೆ. ಕೂಸು ಎಚ್ಚರವಿರುವ ಹೊತ್ತೂ ಅದೇ. ಹಾಗಾದರೆ ಕೂಸಿಗೆ ಉಣಿಸುವವರು ಯಾರು? ಅತ್ತೆಯಿದ್ದರೆ ಅತ್ತೆ. ಅತ್ತೆಯೂ ಕೂಲಿಗೆ ಹೋದರೆ, ಎಂಟು ಹತ್ತು ವರ್ಷದ ಅಕ್ಕ, ಶಾಲೆ ಬಿಟ್ಟು. ಆ ಮಗುವಿಗೆ ಗೊತ್ತಿರುವ ಸುಲಭದ ದಾರಿ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಒಂದು ಕೂಸಿನ ತುತ್ತು ತಪ್ಪಿತು, ಇನ್ನೊಂದು ಮಗುವಿನ ಓದು ತಪ್ಪಿತು. ಇಲ್ಲಿ ಅಜ್ಞಾನ ಎಲ್ಲಿದೆ?

ಕೇಂದ್ರ ಸರಕಾರವೇ 2019–21ರಲ್ಲಿ ನಡೆಸಿದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಎದೆಹಾಲಿನ ಜೊತೆಗೆ ಅನ್ನವೂ ಸಿಗುತ್ತಿದ್ದುದು ನೂರಕ್ಕೆ 45.9 ಕೂಸುಗಳಿಗೆ. ಆರರಿಂದ ಇಪ್ಪತ್ಮೂರು ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಪಡೆಯುತ್ತಿದ್ದವರು ನೂರಕ್ಕೆ 11.3 ಮಾತ್ರ. ನೂರಕ್ಕೆ ಎಂಬತ್ತೆಂಟು ತಾಯಂದಿರು ದಡ್ಡರೆಂದು ಹೇಳುವ ಧೈರ್ಯ ಯಾರಿಗಿದೆಯೋ ಅವರು ಮುಂದೆ ಬರಲಿ. ನಮಗಂತೂ ಈ ಅಂಕಿಯಲ್ಲಿ ಕೂಲಿಯ ದರ, ಬೇಳೆಯ ಬೆಲೆ, ಸಿಲಿಂಡರಿನ ಬೆಲೆ, ಕೆಲಸದ ಗಂಟೆಗಳು ಕಾಣುತ್ತವೆ.

ಕಾಯಿದೆ ಇಲ್ಲವೆ ಎಂದು ಕೇಳಬಹುದು. ಇದೆ. 1961ರ ಹೆರಿಗೆ ಸೌಲಭ್ಯ ಕಾಯಿದೆ ಹನ್ನೆರಡು ವಾರಗಳ ಸಂಬಳಸಹಿತ ರಜೆ ಕೊಟ್ಟಿತ್ತು. 2017ರ ತಿದ್ದುಪಡಿ ಅದನ್ನು ಇಪ್ಪತ್ತಾರು ವಾರಕ್ಕೆ ಏರಿಸಿತು. ಸಂತೋಷವೇ. ಆದರೆ ಇಪ್ಪತ್ತಾರು ವಾರವೆಂದರೆ ಎಷ್ಟು? ಸರಿಯಾಗಿ ಆರು ತಿಂಗಳು! ಅದರಲ್ಲಿಯೂ ಎಂಟು ವಾರವನ್ನು ಹೆರಿಗೆಗೆ ಮೊದಲೇ ತೆಗೆದುಕೊಂಡರೆ ಕೂಸಿಗೆ ನಾಲ್ಕು ತಿಂಗಳಾದಾಗಲೇ ರಜೆ ಮುಗಿಯಿತು. ಕೂಸು ಬಾಯಿ ತೆರೆದು ಮೊದಲ ತುತ್ತಿಗೆ ಕೈ ಚಾಚುವ ಹೊತ್ತಿಗೆ ತಾಯಿಯನ್ನು ಗಿರಣಿಯ ಗಂಟೆ ಕರೆಯುತ್ತದೆ. ಆಮೇಲಿನ ಕಾಲಕ್ಕೆಂದು ಕಾಯಿದೆಯಲ್ಲಿ ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡುವ ಬಿಡುವು, ಶಿಶುಪಾಲನಾ ಕೇಂದ್ರಕ್ಕೆ ದಿನಕ್ಕೆ ನಾಲ್ಕು ಸಲ ಹೋಗಿಬರುವ ಹಕ್ಕು ಇವೆ. ಒಳ್ಳೆಯದು. ಆದರೆ ಕೇಂದ್ರ ಎಲ್ಲಿ?

1948ರ ಕಾರ್ಖಾನೆ ಕಾಯಿದೆ ಐವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಗೆ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತು. 1976ರಲ್ಲಿ ಅದು ಮೂವತ್ತಕ್ಕೆ ಇಳಿಯಿತು. 2017ರ ತಿದ್ದುಪಡಿಯಲ್ಲಿ ಗಂಡಸರು ಹೆಂಗಸರು ಸೇರಿ ಐವತ್ತು ನೌಕರರೆಂದಾಯಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿಯೂ ಐವತ್ತೇ. ಅಂಕಿ ಏರಲಿ ಇಳಿಯಲಿ, ಹತ್ತು ಹನ್ನೆರಡು ಜನ ದುಡಿಯುವ ಭಟ್ಟಿಗೆ ಅದು ತಾಗುವುದೇ ಇಲ್ಲ. ತಾಗುವ ಕಡೆಯೂ ಗುತ್ತಿಗೆದಾರನ ಹೆಸರಿನಲ್ಲಿ ಇಪ್ಪತ್ತು, ಇನ್ನೊಬ್ಬನ ಹೆಸರಿನಲ್ಲಿ ಇಪ್ಪತ್ತು ಎಂದು ಪುಸ್ತಕದಲ್ಲಿ ಒಡೆದು ತೋರಿಸುವ ಚಾತುರ್ಯ ನಮ್ಮ ಧಣಿಗಳಿಗೆ ಯಾರೂ ಕಲಿಸಬೇಕಾಗಿಲ್ಲ. ಇನ್ನು ಕೆಲವೆಡೆ ಕೇಂದ್ರವೆಂಬ ಕೋಣೆಯಿದೆ, ಬೋರ್ಡಿದೆ, ಇನ್‌ಸ್ಪೆಕ್ಟರು ಬರುವ ದಿನ ತೊಟ್ಟಿಲೂ ಬರುತ್ತದೆ. ಹತ್ತಿ ಗಿರಣಿಗಳ ಕಾಲ ನಮ್ಮೂರಿನಲ್ಲಿ ಮುಗಿದುಹೋಯಿತು. ಈ ಬಗೆಯ ಲೆಕ್ಕ ಬರೆಯುವ ಕಲೆ ಮಾತ್ರ ಮುಗಿದಿಲ್ಲ.

ತಾಯಿಯ ಕೈಯಲ್ಲಿ ಹೊತ್ತಿಲ್ಲದ ಈ ಜಾಗದಲ್ಲಿಯೇ ಡಬ್ಬಿಯ ವ್ಯಾಪಾರಿ ಬಂದು ನಿಲ್ಲುತ್ತಾನೆ. ತಾಯಿಗೆ ಬುದ್ಧಿ ಹೇಳುವ ವೇಷ ಅವನದು. ಮಾರುವುದು ಅರ್ಧ ಗಂಟೆಯ ಉಳಿತಾಯವನ್ನು. ಬಿಸಿನೀರಿಗೆ ಹಾಕಿ ಕಲಸಿದರೆ ಆಯಿತು! ಡಬ್ಬಿಯೇ ಪಾಪವೆಂದು ನಾವು ಹೇಳುವುದಿಲ್ಲ. ತಾಯಿ ಇಲ್ಲದ ಕೂಸುಗಳನ್ನು ಡಬ್ಬಿಯ ಹಾಲು ಉಳಿಸಿದ್ದುಂಟು; ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ಕಂಡುಹಿಡಿದದ್ದು ಮೈಸೂರಿನ ಅದೇ ಸಂಶೋಧನಾಲಯ, ಅದನ್ನು ತಯಾರಿಸಿ ದೇಶಕ್ಕೆ ಹಂಚಿದ್ದು ಆನಂದದ ರೈತರ ಸಹಕಾರಿ ಸಂಘ. ಅದು ಹೆಮ್ಮೆಯ ಸಂಗತಿ. ಆದರೆ ಲಾಭಕ್ಕಾಗಿ ನಿಂತ ಕಂಪನಿ ಏನು ಮಾಡುತ್ತದೆ? 2024ರ ಏಪ್ರಿಲಿನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಎಂಬ ಸಂಸ್ಥೆ ನೆಸ್ಲೆ ಕಂಪನಿಯ ಸೆರೆಲ್ಯಾಕನ್ನು ಪರೀಕ್ಷೆಗೆ ಕಳಿಸಿ ವರದಿ ಮಾಡಿತು. ಭಾರತದಲ್ಲಿ ಮಾರುತ್ತಿದ್ದ ಹದಿನೈದು ಬಗೆಗಳಲ್ಲಿ ಒಂದೊಂದು ಉಣಿಸಿಗೆ ಸರಾಸರಿ 2.7 ಗ್ರಾಂ ಸೇರಿಸಿದ ಸಕ್ಕರೆ ಇತ್ತು. ತನ್ನ ಸ್ವಂತ ದೇಶದಲ್ಲಿ ಅದೇ ಕಂಪನಿ ಇಂಥ ಆಹಾರವನ್ನು ಸಕ್ಕರೆ ಸೇರಿಸದೆ ಮಾರುತ್ತಿತ್ತು. ಐದು ವರ್ಷಗಳಿಂದ ಸಕ್ಕರೆಯನ್ನು ತಗ್ಗಿಸುತ್ತ ಬಂದಿದ್ದೇವೆಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಅದೇ ವರ್ಷ ಸಕ್ಕರೆಯಿಲ್ಲದ ಬಗೆಗಳನ್ನೂ ಪ್ರಕಟಿಸಿತು. ಸ್ವಿಸ್ ಕೂಸಿಗೆ ಬೇಡವಾದ ಸಕ್ಕರೆ ದಾವಣಗೆರೆಯ ಕೂಸಿಗೆ ಏಕೆ ಬೇಕಾಗಿತ್ತು ಎಂಬುದಕ್ಕೆ ಮಾತ್ರ ಸಮಜಾಯಿಷಿ ನಮಗೆ ಕಾಣಲಿಲ್ಲ.

ಇಲ್ಲಿ ನಮ್ಮ ಅಂಗಡಿಕಾರ ಬಂಧುಗಳಿಗೂ ಎರಡು ಮಾತು. 1992ರ ಶಿಶುಹಾಲು ಬದಲಿಗಳ ಕಾಯಿದೆ ಕೂಸುಗಳ ಡಬ್ಬಿ ಆಹಾರಕ್ಕೂ ಹಾಲಿನ ಬಾಟಲಿಗೂ ಜಾಹೀರಾತನ್ನು ನಿಷೇಧಿಸಿದೆ. 2003ರ ತಿದ್ದುಪಡಿಯಿಂದ ಎರಡು ವರ್ಷದವರೆಗಿನ ಮಕ್ಕಳ ಆಹಾರವೆಲ್ಲ ಅದರೊಳಗೆ ಬಂದಿದೆ. ಮಾರಾಟ ಹೆಚ್ಚಿಸಲು ಉಡುಗೊರೆ, ಆಮಿಷ ಕೊಡುವುದೂ ಅಪರಾಧ. ಕಂಪನಿಯ ಏಜೆಂಟ ಗಡಿಯಾರವನ್ನೋ ಬೆಳ್ಳಿ ನಾಣ್ಯವನ್ನೋ ಹಿಡಿದು ಗಲ್ಲಾದ ಮುಂದೆ ನಿಂತರೆ ಇದು ನೆನಪಿರಲಿ. ಆ ಡಬ್ಬಿಯಲ್ಲಿ ನಿಮಗೆ ಸಿಗುವ ಲಾಭವಾದರೂ ಎಷ್ಟು ಸಣ್ಣದೆಂದು ನಿಮಗೇ ಗೊತ್ತು. ಕಲ್ಲಿಲ್ಲದ ರಾಗಿ, ಹುರಿದ ಹೆಸರುಬೇಳೆ, ಮೊಳಕೆ ಕಟ್ಟಿ ಬೀಸಿದ ಹಿಟ್ಟು, ಇವು ಕಾಲು ಕಿಲೋ ಪೊಟ್ಟಣದಲ್ಲಿ ನಿಮ್ಮ ಅಂಗಡಿಯಲ್ಲಿ ಏಕೆ ಸಿಗಬಾರದು? ಓಣಿಯ ನಾಲ್ಕು ಹೆಂಗಸರು ಸೇರಿ ಮಾಡಿಕೊಟ್ಟರೆ ಅವರಿಗೂ ಕೂಲಿ, ನಿಮಗೂ ವ್ಯಾಪಾರ. ಇದನ್ನು ಪರೋಪಕಾರವೆಂದು ಕೇಳುತ್ತಿಲ್ಲ. ನಿಮ್ಮ ಮನೆಯಾಕೆಯೂ ಕೂಸನ್ನು ತೊಡೆಯಲ್ಲಿಟ್ಟುಕೊಂಡು ತೂಕ ಮಾಡುವವಳೇ. ಆಕೆಗಂತೂ ಇಪ್ಪತ್ತಾರು ವಾರವಲ್ಲ, ಇಪ್ಪತ್ತಾರು ದಿನದ ರಜೆಯನ್ನೂ ಯಾವ ಕಾಯಿದೆಯೂ ಕೊಟ್ಟಿಲ್ಲ.

ಅಂಗನವಾಡಿಯ ಮಾತು. 1975ರ ಅಕ್ಟೋಬರ್ 2ರಂದು ಈ ಯೋಜನೆ ಪ್ರಾರಂಭವಾದಾಗ ನಮ್ಮ ರಾಜ್ಯದಲ್ಲಿ ಮೊದಲು ನೆಲೆಗೊಂಡದ್ದು ತಿರುಮಕೂಡಲು ನರಸೀಪುರದಲ್ಲಿ. ಆರು ತಿಂಗಳಾದ ಕೂಸಿಗೆ ಪುಷ್ಟಿಯ ಹಿಟ್ಟು ಮನೆಗೇ ಬರುವುದು ಈ ಯೋಜನೆಯಿಂದ. ಅದನ್ನು ನಡೆಸುವ ಕಾರ್ಯಕರ್ತೆಯರ ಶ್ರಮಕ್ಕೆ ನಮ್ಮ ನಮಸ್ಕಾರ. ಆದರೆ ಒಂದು ಮಗುವಿನ ದಿನದ ಆಹಾರಕ್ಕೆಂದು ದೆಹಲಿ 2017ರಲ್ಲಿ ನಿಗದಿಮಾಡಿದ ಮೊತ್ತ ಎಂಟು ರೂಪಾಯಿ. ಅದಕ್ಕೆ ಮುಂಚೆ ಆರು. 1963ರಲ್ಲಿ ಡಾ. ಲೋಹಿಯಾ ಅವರು ಲೋಕಸಭೆಯಲ್ಲಿ ನಿಂತು, ಈ ದೇಶದ ಇಪ್ಪತ್ತೇಳು ಕೋಟಿ ಜನ ದಿನಕ್ಕೆ ಮೂರಾಣೆಯ ಮೇಲೆ ಬದುಕುತ್ತಿದ್ದಾರೆ ಎಂದಾಗ ಸರಕಾರದವರು ಹದಿನೈದಾಣೆ ಎಂದು ವಾದಕ್ಕೆ ನಿಂತರು. ಎಂಟು ರೂಪಾಯಿಗೆ ಒಂದು ಮೊಟ್ಟೆ, ಒಂದು ಬಾಳೆಹಣ್ಣು ಕೂಡಿ ಬರುತ್ತದೆಯೇ ಎಂದು ಅದೇ ಲೋಕಸಭೆಯಲ್ಲಿ ಇಂದು ಯಾರಾದರೂ ಕೇಳಲಿ. ಮತ್ತೆ ಅಂಗನವಾಡಿಯ ಹೊತ್ತೂ ಗಿರಣಿಯ ಹೊತ್ತೂ ಒಂದಲ್ಲ. ಮಧ್ಯಾಹ್ನ ಅದು ಬಾಗಿಲು ಹಾಕಿದ ಮೇಲೆ ಕೂಸು ಮತ್ತೆ ಅಕ್ಕನ ಸೊಂಟಕ್ಕೆ.

ಆಗದ ಕೆಲಸವನ್ನು ನಾವು ಕೇಳುತ್ತಿಲ್ಲ. ನರೇಗಾ ಕೂಲಿಯ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ನಾಲ್ಕು ಸಾವಿರ "ಕೂಸಿನ ಮನೆ"ಗಳನ್ನು ತೆರೆಯುವುದಾಗಿ ರಾಜ್ಯ ಸರಕಾರ 2023-24ರ ಬಜೆಟ್ಟಿನಲ್ಲಿ ಸಾರಿತು. ಹಳ್ಳಿಯಲ್ಲಿ ಮಣ್ಣು ಹೊರುವ ತಾಯಿಗೆ ಬೇಕಾದದ್ದು ಪೇಟೆಯಲ್ಲಿ ಮಂಡಕ್ಕಿ ಹುರಿಯುವ ತಾಯಿಗೆ ಬೇಡವೆ? ಸಣ್ಣ ಸಣ್ಣ ಉದ್ಯಮಗಳು ಕೂಡಿ ಒಂದು ಸಾಮಾನ್ಯ ಶಿಶುಪಾಲನಾ ಕೇಂದ್ರ ನಡೆಸಲು, ಪಾಲಿಕೆ ನಡೆಸುವ ಕೇಂದ್ರವನ್ನು ಬಳಸಲು ಹೊಸ ಸಂಹಿತೆಯಲ್ಲಿಯೇ ಅವಕಾಶವಿದೆ. ಭಟ್ಟಿಗಳ ಬಡಾವಣೆಗೆ ಒಂದು, ಅಕ್ಕಿ ಗಿರಣಿಗಳ ಸಾಲಿಗೆ ಒಂದು, ಜವಳಿ ಕಾರ್ಖಾನೆಗಳ ಕಡೆಗೆ ಒಂದು, ಸಂತೆ ಮಾರುಕಟ್ಟೆಯ ಪಕ್ಕಕ್ಕೆ ಒಂದು. ಬೆಳಗ್ಗೆ ಆರಕ್ಕೆ ತೆರೆದು ಸಂಜೆ ಏಳಕ್ಕೆ ಮುಚ್ಚಬೇಕು. ಹೊಗೆಯಿಂದ ದೂರವಿರಬೇಕು. ಒಂದು ಒಲೆ, ಒಂದು ಕೊಳಾಯಿ, ಸರಿ ಬೇಯಿಸಿ ತಾಳ್ಮೆಯಿಂದ ಉಣಿಸಲು ಸಂಬಳದ ಇಬ್ಬರು ಹೆಂಗಸರು, ಅದೇ ಬಡಾವಣೆಯವರೇ ಆಗಲಿ. ತಾಯಿ ನಡುವೆ ಬಂದು ಹಾಲೂಡಿ ಹೋದ ಹೊತ್ತಿಗೆ ಕೂಲಿ ಹಿಡಿಯಬಾರದು. ಖರ್ಚಿನಲ್ಲಿ ಮಾಲೀಕರ ಪಾಲು ಎಷ್ಟು, ಪಾಲಿಕೆಯ ಪಾಲು ಎಷ್ಟು ಎಂಬುದು ಕುಳಿತು ಮಾತಾಡುವ ವಿಷಯ. ತಾಯಿಯ ಪಾಲು ಸೊನ್ನೆ ಎಂಬುದು ಮಾತಾಡುವ ವಿಷಯವಲ್ಲ.

ಈ ಬೇಡಿಕೆಯನ್ನು ಬರೆದ ಅರ್ಜಿ ನಮ್ಮ ಕಚೇರಿಯಲ್ಲಿದೆ. ಸಹಿ ಮಾಡಲು ಬಾರದವರು ಹೆಬ್ಬೆಟ್ಟು ಒತ್ತಬಹುದು. ಗಂಡಸರೂ ಸಹಿ ಹಾಕಬೇಕು. ಕೂಸು ತಾಯಿಯೊಬ್ಬಳದೇ ಅಲ್ಲವಷ್ಟೆ. ಪಾಲಿಕೆಯ ಬಜೆಟ್ ಸಭೆಗೆ ಮೊದಲು ಅರ್ಜಿಯನ್ನು ಒಯ್ದು ಕೊಡುವವರು ಭಟ್ಟಿಯ ಹೆಣ್ಣುಮಕ್ಕಳೇ. ಅಂದು ಕೂಸುಗಳನ್ನು ಮನೆಯಲ್ಲಿ ಬಿಟ್ಟು ಬರಲು ಅವರಿಗೆ ಆಗುವುದಿಲ್ಲ, ಕರೆದುಕೊಂಡೇ ಬರುತ್ತಾರೆ. ಮೇಯರ್ ಸಾಹೇಬರು ಸಭಾಂಗಣದಲ್ಲಿ ಸ್ವಲ್ಪ ಗದ್ದಲವನ್ನು ಸಹಿಸಿಕೊಳ್ಳಬೇಕಾಗುತ್ತದೆ.